ರನೌಟ್ ಆದ ಮೇಲಿನ ಮೂರು ದಿನ

ಜಗಳ ಶುರುವಾಗಿದ್ದು ಒಂದು ರನೌಟ್‌ನಿಂದ. ಕೇಳಿದವರಿಗೆ ನಗು ಬರುತ್ತದೆ. ನಮಗೂ ಮೊದಲು ನಗುವೇ ಬಂದಿತ್ತು.

ಕುಮಟೆ ಮತ್ತು ಅಂಕೋಲೆ ನಡುವೆ ಕಡಲಿಗೆ ಅಂಟಿಕೊಂಡ ಊರು. ಊರಿನ ಹೆಸರು ಬೇಡ. ಹುಡುಗರ ಹೆಸರಂತೂ ಬೇಡವೇ ಬೇಡ. ಹೊಡೆದವನಿಗೆ ಆಗ 17 ವರ್ಷ, ಕೈ ಮುರಿಸಿಕೊಂಡವನಿಗೂ 17. 2015ರ ಬಾಲ ನ್ಯಾಯ ಕಾಯ್ದೆಯ 74ನೇ ಕಲಮಿನ ಪ್ರಕಾರ 18ರ ಒಳಗಿನವರ ಗುರುತು ಬಯಲು ಮಾಡುವ ಹಾಗಿಲ್ಲ. ಹೊಡೆದವನದ್ದೂ ಇಲ್ಲ, ಹೊಡೆಸಿಕೊಂಡವನದ್ದೂ ಇಲ್ಲ. ಈ ಕಲಮು ನನಗೆ ಗೊತ್ತಾಗಿದ್ದೇ ಈ ಪ್ರಕರಣದಿಂದ. ಅಲ್ಲಿಯವರೆಗೆ ಆ ವಿಡಿಯೋ ನನ್ನ ಫೋನಿನಲ್ಲೂ ಇತ್ತು. ನಾನೂ ಇಬ್ಬರಿಗೆ ಕಳಿಸಿದ್ದೆ.

ನಾನು ಪಿಯು ಕಾಲೇಜಿನಲ್ಲಿ ಪಾಠ ಮಾಡುವವ. ಎನ್ನೆಸ್ಸೆಸ್ ಕೂಡ ನನ್ನ ತಲೆಗೇ ಕಟ್ಟಿದ್ದರು. ಹಾಗಾಗಿ ಊರಿನ ಹುಡುಗರಿಗೆ ಏನಾದರೂ ಬುದ್ಧಿ ಹೇಳಬೇಕು ಅಂದಾಗ ಎಲ್ಲರೂ ನನ್ನ ಮುಖ ನೋಡುತ್ತಿದ್ದರು.

ಊರಲ್ಲಿ ಎರಡು ಕೇರಿ. ಒಂದು ದೋಣಿ ಬಂದು ನಿಲ್ಲುವ ಮೀನಿನ ಧಕ್ಕೆಗೆ ಹತ್ತಿರ, ಇನ್ನೊಂದು ಗದ್ದೆ ಬಯಲಿನ ಅಂಚಿಗೆ. ಧಕ್ಕೆ ಕೇರಿ, ಗದ್ದೆ ಕೇರಿ ಅಂತಲೇ ಕರೆಯುತ್ತೇನೆ. ಜಾತಿ ಬೇರೆ ಬೇರೆ. ಅದನ್ನು ಮುಚ್ಚಿಟ್ಟು ಬರೆದರೆ ಸುಳ್ಳಾಗುತ್ತದೆ. ಜಾತಿಯೊಂದೇ ಕಾರಣ ಅಂದರೂ ಸುಳ್ಳೇ. ಇದೇ ಎರಡು ಕೇರಿಯವರು ಹಿಂದೆ ಒಟ್ಟಿಗೆ ದಡದಲ್ಲಿ ನಿಂತು ರಂಪಣಿ ಎನ್ನುವ ದೊಡ್ಡ ಬಲೆ ಎಳೆದವರು. ಎಳೆಯಲು ಕೈ ಹಾಕಿದ ಎಲ್ಲರಿಗೂ ಮೀನಿನಲ್ಲಿ ಪಾಲು ಸಿಗುತ್ತಿತ್ತು ಅಂತ ಅಜ್ಜಂದಿರು ಈಗಲೂ ಹೇಳುತ್ತಾರೆ. ಹುಡುಗರಿಗೆ ಅದು ಕಥೆ ಅಷ್ಟೆ.

ನಡೆದದ್ದು

ಜನವರಿ ಕೊನೆ. ಕೊಯ್ದ ಗದ್ದೆಯಲ್ಲಿ ಹೊನಲು ಬೆಳಕಿನ ಅಂಡರ್‌ಆರ್ಮ್ ಕ್ರಿಕೆಟ್ ಪಂದ್ಯಾವಳಿ. ಸೆಮಿಫೈನಲ್ ಶುರುವಾಗುವಾಗ ರಾತ್ರಿ ಎರಡು ಗಂಟೆ. ಕ್ರೀಸಿನ ಗೆರೆ ಸುಣ್ಣದ್ದು. ಆ ಹೊತ್ತಿಗೆ ಅದು ಕಾಲಡಿಯಲ್ಲಿ ಅರ್ಧ ಅಳಿಸಿ ಹೋಗಿತ್ತು. ಗದ್ದೆ ಕೇರಿಯ ಹುಡುಗ ಓಡಿ ಬಂದ, ಬ್ಯಾಟು ಚಾಚಿದ, ಬೇಲ್ಸು ಬಿತ್ತು. ಅಂಪೈರ್ ಧಕ್ಕೆ ಕೇರಿಯವ. ಔಟ್ ಕೊಟ್ಟ.

ಮಾತಿಗೆ ಮಾತು ಬೆಳೆಯಿತು. ಧಕ್ಕೆ ಕೇರಿಯ ಒಬ್ಬ ಹುಡುಗ ಔಟಾದವನ ಕೆನ್ನೆಗೆ ಬಾರಿಸಿದ. ದೊಡ್ಡವರು ಮಧ್ಯೆ ಬಂದು ಬಿಡಿಸಿದರು. ಆಟ ಮುಂದುವರಿಯಿತು. ಅಲ್ಲಿಗೆ ಮುಗಿಯಿತು ಅಂದುಕೊಂಡು ನಾನೂ ಮನೆಗೆ ಬಂದು ಮಲಗಿದೆ.

ಬೆಳಗಾಗುವಷ್ಟರಲ್ಲಿ ಆ ಕೆನ್ನೆಯ ಏಟು ವಾಟ್ಸ್ಆ್ಯಪ್ ಸ್ಟೇಟಸ್ ಆಗಿತ್ತು. ಕೆಲವೇ ಸೆಕೆಂಡಿನ ವಿಡಿಯೋ. ಏಟು ಬೀಳುವ ಜಾಗವನ್ನು ನಿಧಾನ ಮಾಡಿ ಎರಡು ಸಲ ತೋರಿಸಿದ್ದರು. ಹಿಂದೆ ಕತ್ತೆ ಕೂಗುವ ಸದ್ದು. ಹುಡುಗ ಕಾಲೇಜಿಗೆ ಬಂದಾಗ ಯಾರೋ ಹಿಂದಿನ ಬೆಂಚಿನಿಂದ ಅದೇ ಸದ್ದು ಮಾಡಿದರು. ನನ್ನ ತರಗತಿಯಲ್ಲೇ. ನಾನು 'ಸೈಲೆನ್ಸ್' ಅಂದು ಪಾಠ ಮುಂದುವರಿಸಿದೆ. ಆ ಒಂದು ಪದಕ್ಕೆ ಈಗಲೂ ನನಗೆ ನಾಚಿಕೆ ಇದೆ.

ಮೂರನೇ ದಿನ ಸಂಜೆ, ಸಂಕದ (ಸಣ್ಣ ಸೇತುವೆಯ) ಹತ್ತಿರ, ಕೆನ್ನೆಗೆ ಹೊಡೆಸಿಕೊಂಡವನೂ ಅವನ ಜೊತೆ ಐದು ಜನರೂ ಆ ಧಕ್ಕೆ ಕೇರಿಯ ಹುಡುಗನ ಬೈಕು ಅಡ್ಡ ಹಾಕಿದರು. ಕೈಯಲ್ಲಿ ಸ್ಟಂಪು. ಎಡಗೈ ಮೂಳೆ ಮುರಿಯಿತು.

ಏಟು ಬಿದ್ದದ್ದು ಸಂಜೆ ಆರೂವರೆಗೆ. ಆದರೆ ಆ ಏಟು ತಯಾರಾಗಲು ಮೂರು ದಿನ ಹಿಡಿದಿತ್ತು. ಆ ಮೂರು ದಿನ ಊರಿನ ಹುಡುಗರೆಲ್ಲರಿಗೂ ಗೊತ್ತಿತ್ತು. ದೊಡ್ಡವರಿಗೆ ಮಾತ್ರ ಗೊತ್ತಿರಲಿಲ್ಲ.

ಅಪ್ಪಂದಿರ ರಾಜಿ

ಆಸ್ಪತ್ರೆಯಲ್ಲಿ ಎಂಎಲ್‌ಸಿ, ಅಂದರೆ ಪೊಲೀಸ್ ಕೇಸಿಗೆ ಬೇಕಾದ ವೈದ್ಯಕೀಯ ದಾಖಲೆ, ಆಯಿತು, ದೂರು ದಾಖಲಾಯಿತು. ಒಂದು ವಾರದಲ್ಲಿ ಎರಡೂ ಕೇರಿಯ ಹಿರಿಯರು ದೇವಸ್ಥಾನದ ಜಗಲಿಯಲ್ಲಿ ಕೂತರು. ಆಸ್ಪತ್ರೆ ಖರ್ಚು ಯಾರು ಎಷ್ಟು ಕೊಡಬೇಕು ಅಂತ ತೀರ್ಮಾನ ಆಯಿತು. ದೇವರ ಮುಂದೆ ಕಾಯಿ ಇಟ್ಟರು. ಚಾ ಕುಡಿದು ಎದ್ದರು.

ರಾಜಿ ಆಗಿದ್ದು ಅಪ್ಪಂದಿರ ನಡುವೆ. ಮಕ್ಕಳು ಆ ಜಗಲಿಯ ಹತ್ತಿರವೂ ಇರಲಿಲ್ಲ. ಯಾರೂ ಕರೆಯಲೂ ಇಲ್ಲ.

ಕಾನೂನಿನ ಲೆಕ್ಕ ಬೇರೆಯೇ ಇತ್ತು. ಎಲ್ಲ ಕೇಸೂ ಜಗಲಿಯಲ್ಲಿ ಮುಗಿಯುವುದಿಲ್ಲ. ಕೆಲವಕ್ಕೆ ಕೋರ್ಟಿನ ಒಪ್ಪಿಗೆ ಬೇಕು, ಕೆಲವಕ್ಕೆ ರಾಜಿ ಅನ್ನುವುದೇ ಇಲ್ಲ. ಹೊಡೆಯಲು ಹೋದ ಆರು ಜನರಲ್ಲಿ ಒಬ್ಬನಿಗೆ 19 ವರ್ಷ. ಅವನ ದಾರಿ ಮಾಮೂಲಿ ಕೋರ್ಟಿಗೆ. ಉಳಿದವರದ್ದು ಬಾಲ ನ್ಯಾಯ ಮಂಡಳಿಗೆ. 18ರ ಒಳಗಿನವರನ್ನು ಲಾಕಪ್ಪಿನಲ್ಲಿ ಇಡುವ ಹಾಗಿಲ್ಲ, ಹಿಡಿದರೆ 24 ಗಂಟೆಯೊಳಗೆ ಮಂಡಳಿಯ ಮುಂದೆ ತರಬೇಕು. ತಪ್ಪು ಮಾಡಿದ್ದು ಸಾಬೀತಾದರೂ ಅದು ಮುಂದಿನ ಓದಿಗೆ, ಕೆಲಸಕ್ಕೆ ಅಡ್ಡ ಬರಬಾರದು ಅಂತ ಅದೇ ಕಾಯ್ದೆಯ 24ನೇ ಕಲಮು ಹೇಳುತ್ತದೆ. 16 ದಾಟಿದವರು ಘೋರ ಅಪರಾಧ ಮಾಡಿದಾಗ ಮಾತ್ರ ಬೇರೆ ಲೆಕ್ಕ. ಎರಡು ವರ್ಷ ದೊಡ್ಡವನಾಗಿದ್ದ ತಪ್ಪಿಗೆ ಆ 19ರ ಹುಡುಗನಿಗೆ ಈ ರಿಯಾಯಿತಿ ಯಾವುದೂ ಇಲ್ಲ. ಅವನು ಸ್ಟಂಪು ಮುಟ್ಟಿರಲೂ ಇಲ್ಲ ಅಂತ ಎಲ್ಲರೂ ಹೇಳುತ್ತಾರೆ. ಬೈಕು ಓಡಿಸಿದ್ದ, ಅಷ್ಟೆ.

ನಾನು ಮಾಡಿದ ಮೊದಲ ಕೆಲಸ, ಅದೂ ತಪ್ಪು ಕೆಲಸ

ಫೆಬ್ರವರಿಯಲ್ಲಿ ಕಾಲೇಜಿನ ಅಂಗಳದಲ್ಲಿ ಎಲ್ಲರನ್ನೂ ನಿಲ್ಲಿಸಿ ಒಂದು ಭಾಷಣ ಮಾಡಿಸಿದೆ. ಬಂದ ಅಧಿಕಾರಿ ಒಳ್ಳೆಯವರೇ. ಕಲಮುಗಳನ್ನು ಓದಿದರು. ಎಷ್ಟು ವರ್ಷ ಜೈಲು ಅಂತ ಹೇಳಿದರು. ಜೈಲಿನಲ್ಲಿ ಏನೇನು ಆಗುತ್ತದೆ ಅಂತಲೂ ಸ್ವಲ್ಪ ಬಣ್ಣ ಹಚ್ಚಿ ಹೇಳಿದರು.

ಮರುದಿನದಿಂದ ಸ್ಟಂಪಿನಿಂದ ಹೊಡೆದ ಹುಡುಗನಿಗೆ ಕಾಲೇಜಿನಲ್ಲಿ ಹೊಸ ಹೆಸರು ಬಂತು, 'ತ್ರೀ ನಾಟ್ ಸೆವೆನ್'. ಅವನ ಮೇಲಿದ್ದದ್ದು ಕೊಲೆ ಯತ್ನದ ಕೇಸೇ ಅಲ್ಲ. ಅದೂ ಅಲ್ಲದೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದ ಮೇಲೆ ಹಳೆಯ ದಂಡ ಸಂಹಿತೆಯ 307 ಹೋಗಿ 109 ಆಗಿದೆ. ಹುಡುಗರ ಬಾಯಲ್ಲಿ ಹಳೆಯದೇ ಓಡುತ್ತಿದೆ. ಸಿನಿಮಾದ್ದು ಇರಬೇಕು. ಆ ಹೆಸರು ಕೇಳಿದಾಗೆಲ್ಲ ಅವನ ಬೆನ್ನು ನೆಟ್ಟಗಾಗುವುದನ್ನು ನಾನೇ ನೋಡಿದೆ. ಹೆದರಿಸಲು ಹೋಗಿ ಬಿರುದು ಕೊಟ್ಟಿದ್ದೆವು.

ಆಮೇಲೆ ಓದಿ ತಿಳಿದದ್ದು ಇದು. 1970ರ ದಶಕದಲ್ಲಿ ಅಮೆರಿಕದ ನ್ಯೂಜೆರ್ಸಿಯ ರಾಹ್ವೇ ಜೈಲಿಗೆ ಹದಿಹರೆಯದ ಹುಡುಗರನ್ನು ಕರೆದುಕೊಂಡು ಹೋಗಿ ಕೈದಿಗಳಿಂದ ಬೈಸಿ ಹೆದರಿಸುವ ಕಾರ್ಯಕ್ರಮ ಇತ್ತು. ಬಹಳ ಹೆಸರು ಮಾಡಿತು. ಬೇರೆ ಕಡೆಯೂ ಹಬ್ಬಿತು. ಇಂಥ ಕಾರ್ಯಕ್ರಮಗಳಿಗೆ ಹೋದವರನ್ನೂ ಹೋಗದವರನ್ನೂ ಸರಿಯಾಗಿ ಹೋಲಿಸಿ ನೋಡಿದಾಗ, ಹೋದವರೇ ಮುಂದೆ ಜಾಸ್ತಿ ಅಪರಾಧ ಮಾಡಿದ್ದು ಕಂಡಿತು. ನಮ್ಮಲ್ಲಿ ಈಗಲೂ ಪ್ರತಿ ಶಾಲೆಯಲ್ಲೂ ಇದೇ ಭಾಷಣ ನಡೆಯುತ್ತದೆ ಅಲ್ವಾ?

ದೋಣಿ ಎಳೆಯಲು ನಾಲ್ಕು ಜನ

ಮೇ ತಿಂಗಳು. ಬಂಡಿಹಬ್ಬ ಹತ್ತಿರ ಬಂದಿತ್ತು. ಕೈ ಮುರಿದದ್ದಕ್ಕೆ ಉತ್ತರ ಕೊಡುವ ಸರದಿ ಈಗ ಧಕ್ಕೆ ಕೇರಿಯದ್ದು. ಬೇರೆ ತಾಲೂಕಿನಿಂದ ಯಾರೋ 'ನಾವು ಹತ್ತು ಜನ ರೆಡಿ' ಅಂತ ಮೆಸೇಜು ಹಾಕಿದ್ದರು. ಅವರಿಗೂ ನಮ್ಮೂರಿನ ಆ ರನೌಟಿಗೂ ಏನು ಸಂಬಂಧ? ಇಂಥವರು ಎಲ್ಲ ಜಗಳಕ್ಕೂ ಸಿಗುತ್ತಾರೆ. ಬೆಂಕಿ ಅವರ ಮನೆಯದಲ್ಲ, ಕಾಯಿಸಿಕೊಳ್ಳುವುದು ಮಾತ್ರ ಅವರು.

ಹಬ್ಬದ ಹಿಂದಿನ ಸಂಜೆ ಮೂರು ಬೈಕುಗಳಲ್ಲಿ ಹುಡುಗರು ಹೊರಟರು. ಧಕ್ಕೆ ದಾಟುವಾಗ ಒಬ್ಬ ತಾಂಡೇಲ, ಅಂದರೆ ಬೋಟು ನಡೆಸುವ ಮುಖ್ಯಸ್ಥ, ದಾರಿಯಲ್ಲಿ ನಿಂತಿದ್ದ. ಮೂವತ್ತೈದರ ಆಸುಪಾಸಿನವ. ಅವರದೇ ಕೇರಿಯವ. ಹುಡುಗರು ಅಣ್ಣ ಅನ್ನುತ್ತಾರೆ. ಎಲ್ಲಿಗೆ ಅಂತ ಅವನು ಕೇಳಲಿಲ್ಲ. ಅವನಿಗೆ ಗೊತ್ತಿತ್ತು.

"ಬೈಕ್ ಆಫ್ ಮಾಡ್ರಾ. ದೋಣಿ ಮೇಲೆ ಎಳೀಬೇಕು, ನಾಲ್ಕು ಜನ ಸಾಕು."

"ಅರ್ಜೆಂಟ್ ಇದೆ ಅಣ್ಣಾ."

"ನೀರು ಏರ್ತಾ ಇದೆ ಮಾರಾಯ. ನಿನ್ನ ಅರ್ಜೆಂಟಿಗಿಂತ ಅದು ಅರ್ಜೆಂಟು."

ನಾಲ್ಕು ಜನ ಇಳಿದರು. ಆಮೇಲೆ ಉಳಿದವರೂ ಇಳಿದರು. ಒಂದು ದೋಣಿ ಆದ ಮೇಲೆ ಇನ್ನೊಂದು. ಸೊಂಟದವರೆಗೆ ಒದ್ದೆ, ಮೈಯೆಲ್ಲ ಮರಳು. ಅವನು ಎಲ್ಲರಿಗೂ ಚಾ, ಬನ್ಸು ಕೊಡಿಸಿದ. ಎಂಟು ಗಂಟೆ ಆಯಿತು. ಒದ್ದೆ ಚಡ್ಡಿಯಲ್ಲಿ ಯಾರೂ ಹೊಡೆದಾಟಕ್ಕೆ ಹೋಗುವುದಿಲ್ಲ. ಮನೆಗೆ ಹೋದರು.

ಈ ಕಥೆ ನನ್ನ ಕಿವಿಗೆ ಬಿದ್ದದ್ದು ವಾರ ಕಳೆದ ಮೇಲೆ. ಅವನು 'ಜಗಳ ಮಾಡಬೇಡಿ' ಅನ್ನಲೇ ಇಲ್ಲ. ಅಂದಿದ್ದರೆ ಅವರು ಹೋಗಲೇಬೇಕಾಗುತ್ತಿತ್ತು. ಯಾರದ್ದೋ ಮಾತು ಕೇಳಿ ಹೆದರಿ ಹಿಂದೆ ಬಂದವರು ಅನ್ನಿಸಿಕೊಳ್ಳುವುದು ಯಾವ ಹುಡುಗನಿಗೆ ಬೇಕು? ದೋಣಿ ಎಳೆಯುತ್ತಿದ್ದೆವು ಅಂದರೆ ಮರ್ಯಾದೆ ಹೋಗುವುದಿಲ್ಲ. ನಾಲ್ಕು ತಿಂಗಳು ನಾವು ಪಾಠ ಮಾಡಿದ್ದೆವು. ಅವನು ಹಿಂದೆ ಬರಲು ಒಂದು ದಾರಿ ಮಾಡಿಕೊಟ್ಟಿದ್ದ.

ಅಮೆರಿಕದ ಶಿಕಾಗೋದಲ್ಲಿ ಗ್ಯಾರಿ ಸ್ಲಟ್ಕಿನ್ ಎನ್ನುವ ವೈದ್ಯರು ಇಂಥದ್ದನ್ನೇ ಒಂದು ಪದ್ಧತಿಯಾಗಿ ಮಾಡಿದ್ದಾರೆ. ಅವರು ಮೊದಲು ಕ್ಷಯ, ಕಾಲರಾ, ಏಡ್ಸ್ ತಡೆಯುವ ಕೆಲಸ ಮಾಡಿದವರು. ಹಿಂಸೆಯೂ ಅಂಟುರೋಗದ ಹಾಗೆಯೇ ಹರಡುತ್ತದೆ, ಹಾಗಾಗಿ ಹರಡುವ ಜಾಗದಲ್ಲೇ ತಡೆಯಬೇಕು ಎನ್ನುವುದು ಅವರ ವಾದ. ಹಿಂದೆ ಹೊಡೆದಾಟದಲ್ಲಿದ್ದು ಈಗ ಬಿಟ್ಟವರನ್ನೇ ಅವರು ಆ ಕೆಲಸಕ್ಕೆ ಇಟ್ಟುಕೊಂಡರು. ಎಲ್ಲ ಊರಲ್ಲೂ ಅದು ಒಂದೇ ಥರ ಫಲ ಕೊಟ್ಟಿಲ್ಲ. ಆದರೆ ನಮ್ಮ ಜಿಲ್ಲೆಯವರಿಗೆ ಈ ಮಾತು ಅರ್ಥವಾಗಲು ಶಿಕಾಗೋ ಬೇಕಿಲ್ಲ. ಮಂಗನ ಕಾಯಿಲೆ ನೋಡಿದವರು ನಾವು. ಕಾಡಿನಲ್ಲಿ ಒಂದು ಮಂಗ ಸತ್ತು ಬಿದ್ದರೆ ಇಡೀ ತಾಲೂಕಿಗೆ ಭಾಷಣ ಮಾಡುತ್ತಾ ಕೂರುವುದಿಲ್ಲ. ಮೊದಲು ಆ ಮಂಗ ಬಿದ್ದ ಜಾಗದ ಸುತ್ತ, ರೋಗ ಹರಡುವ ಉಣುಗು ಸಾಯುವ ಪುಡಿ ಹಾಕುತ್ತಾರೆ.

ಬಲೆ ಶೆಡ್ಡಿನ ಸಂಜೆಗಳು

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ಮೀನು ಮರಿ ಹಾಕುವ ಕಾಲ. ಬೋಟಿಗೆ ಹೋಗುವ ಹುಡುಗರು ಆಗ ಖಾಲಿ. ಮಳೆ, ಕೈಯಲ್ಲಿ ದುಡ್ಡಿಲ್ಲ, ಕೈತುಂಬ ಫೋನು. ಹೊಡೆದಾಟಕ್ಕೆ ಇದಕ್ಕಿಂತ ಹದವಾದ ಕಾಲ ಇಲ್ಲ. ಕೂರಿಸಿ ಮಾತಾಡಿಸುವುದಕ್ಕೂ ಇಲ್ಲ.

ತಾಂಡೇಲನನ್ನು ಹೋಗಿ ಕೇಳಿದೆ. "ನಂಗೆ ಭಾಷಣ ಬರೂದಿಲ್ಲ ಮಾಸ್ತರ್ರೇ" ಅಂದ. ಭಾಷಣ ಬೇಡ, ಬಲೆ ಶೆಡ್ಡು ಕೊಡು ಸಾಕು ಅಂದೆ. ಗದ್ದೆ ಕೇರಿಯಿಂದ ಯಾರು ಅನ್ನುವುದು ಕಷ್ಟವಾಯಿತು. ಅಲ್ಲಿ ಹುಡುಗರು ಹೆದರುವ ಗಂಡಸರು ಇದ್ದರು, ಕೇಳುವ ಗಂಡಸರು ಇರಲಿಲ್ಲ. ಕೊನೆಗೆ ನೆನಪಾದದ್ದು ಅಂಗನವಾಡಿ ಅಕ್ಕೋರು. ಆ ಕೇರಿಯ ಅಷ್ಟೂ ಹುಡುಗರ ಮೂಗು ಒರೆಸಿದವರು ಅವರು. ಮೀಸೆ ಬಂದವನೂ ಅವರ ಎದುರು ಬೀಡಿ ಹಿಂದೆ ಮುಚ್ಚಿಡುತ್ತಾನೆ.

ವಾರಕ್ಕೊಂದು ಸಂಜೆ. ಮೊದಲ ವಾರ ಧಕ್ಕೆ ಕೇರಿಯವರು ಮಾತ್ರ ಬಂದರು. ಎರಡನೇ ವಾರ ಗದ್ದೆ ಕೇರಿಯವರು ಮಾತ್ರ. ಮೂರನೇ ವಾರ ಇಬ್ಬರೂ ಬಂದು ಶೆಡ್ಡಿನ ಎರಡು ತುದಿಯಲ್ಲಿ ಕೂತರು. ಮಧ್ಯೆ ಬಲೆ ರಾಶಿ.

ಆ ದಿನ ಗೇರುಬೀಜದ ಆಟ ಆಡಿಸಿದೆ. ಆಟ ನನ್ನದಲ್ಲ, ಕದ್ದದ್ದು. ಇದೂ ಶಿಕಾಗೋದ್ದೇ, ಅಲ್ಲಿ ಶಾಲೆ ಹುಡುಗರಿಗೆ ನಡೆಸುವ 'ಬಿಕಮಿಂಗ್ ಎ ಮ್ಯಾನ್' ಕಾರ್ಯಕ್ರಮದ್ದು. ಅಲ್ಲಿ ಚೆಂಡು, ನಮ್ಮಲ್ಲಿ ಗೇರುಬೀಜ. ಇಬ್ಬಿಬ್ಬರ ಜೋಡಿ. ಒಬ್ಬನ ಮುಷ್ಟಿಯಲ್ಲಿ ಬೀಜ. ಇನ್ನೊಬ್ಬ 30 ಸೆಕೆಂಡಿನಲ್ಲಿ ಅದನ್ನು ತೆಗೆದುಕೊಳ್ಳಬೇಕು.

ಶೆಡ್ಡು ರಣರಂಗ ಆಯಿತು. ಬೆರಳು ತಿರುಚಿದರು, ಕಚ್ಚಿದರು, ಒಬ್ಬ ಇನ್ನೊಬ್ಬನ ಎದೆ ಮೇಲೆ ಕೂತ. ಎಲ್ಲ ಮುಗಿದ ಮೇಲೆ ಕೇಳಿದೆ, "ಯಾರಾದ್ರೂ 'ಕೊಡು' ಅಂತ ಕೇಳಿದ್ರಾ?"

ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ ಅಂದ, "ಕೇಳಿದ್ರೆ ಇವ ಕೊಡ್ತಿದ್ನಾ ಸರ್?"

ಅವನ ಜೋಡಿಯವ ಬೆರಳು ನೀವಿಕೊಳ್ಳುತ್ತಾ ಅಂದ, "ಕೊಡ್ತಿದ್ದೆ ಮಾರಾಯ. ಒಂದು ಗೇರುಬೀಜ ಅಲ್ದಾ!"

ನಗು. ಆ ವರ್ಷ ಎರಡೂ ಕೇರಿಯವರು ಒಂದೇ ವಿಷಯಕ್ಕೆ ನಕ್ಕದ್ದು ನಾನು ನೋಡಿದ್ದು ಅದೇ ಮೊದಲು.

ಈ ಆಟದಿಂದ ಯಾರೂ ಸಾಧು ಆಗುವುದಿಲ್ಲ. ಶಿಕಾಗೋದಲ್ಲಿ ಚೀಟಿ ಎತ್ತಿದ ಹಾಗೆ ಹುಡುಗರನ್ನು ಆರಿಸಿ ಪರೀಕ್ಷಿಸಿದಾಗ, ಕಾರ್ಯಕ್ರಮ ನಡೆದಷ್ಟು ಕಾಲ ಹೊಡೆದಾಟದ ಕೇಸಿನಲ್ಲಿ ಸಿಕ್ಕಿಬೀಳುವುದು 45ರಿಂದ 50 ಶೇಕಡಾ ಕಡಿಮೆಯಾಗಿತ್ತು. ನಡೆದಷ್ಟು ಕಾಲ ಅನ್ನುವುದನ್ನು ಗಮನಿಸಿ. ಅವರು ಕಲಿಸಿದ್ದು 'ಎಂದೂ ಹೊಡೆದಾಡಬೇಡ' ಅಂತ ಅಲ್ಲ. ಕೆಲವು ಬೀದಿಗಳಲ್ಲಿ ಸುಮ್ಮನೆ ಬಿಟ್ಟುಕೊಟ್ಟವನಿಗೆ ನಾಳೆ ಮತ್ತೆ ಏಟು ಬೀಳುತ್ತದೆ, ಅದು ಹುಡುಗರಿಗೆ ನಮಗಿಂತ ಚೆನ್ನಾಗಿ ಗೊತ್ತು. ಕೈ ತಾನಾಗಿಯೇ ಏಳುವ ಮೊದಲು, ಇದು ಯಾವ ಥರದ ಸಂದರ್ಭ ಅಂತ ಒಂದು ಉಸಿರು ಯೋಚಿಸುವುದು. ಕಲಿಸಿದ್ದು ಅಷ್ಟೇ.

ಇನ್ನೊಂದು ಸಂಜೆ ತಾಂಡೇಲ ತಾನೇ ಮಾತಾಡಿದ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಜಾತ್ರೆಯೊಂದರಲ್ಲಿ ಒಬ್ಬನ ತಲೆ ಒಡೆದಿದ್ದ. ಕೇಸು ವರ್ಷಗಟ್ಟಲೆ ಎಳೆಯಿತು. ಅಷ್ಟರಲ್ಲಿ ದುಬೈಗೆ ಹೋಗುವ ಅವಕಾಶ ಬಂತು. 1967ರ ಪಾಸ್‌ಪೋರ್ಟ್ ಕಾಯ್ದೆಯ ಪ್ರಕಾರ ಕ್ರಿಮಿನಲ್ ಕೇಸು ಬಾಕಿ ಇದ್ದರೆ ಪಾಸ್‌ಪೋರ್ಟ್ ನಿರಾಕರಿಸಬಹುದು. ಕೋರ್ಟಿನ ಅನುಮತಿ ತರಬೇಕು. ಅವನು ಅದನ್ನು ತರುವಷ್ಟರಲ್ಲಿ ಕೆಲಸ ಬೇರೆಯವನ ಪಾಲಾಗಿತ್ತು. ಪಾಸ್‌ಪೋರ್ಟ್ ಹೋಗಲಿ, ಕೈಗಾದಲ್ಲೋ ಕಾರವಾರದ ನೌಕಾನೆಲೆಯಲ್ಲೋ ಗುತ್ತಿಗೆ ಕೆಲಸಕ್ಕೆ ಸೇರಬೇಕಾದರೂ ಪೊಲೀಸ್ ವೆರಿಫಿಕೇಶನ್ ಕೇಳುತ್ತಾರೆ.

ಇದೂ ಹೆದರಿಸಿದ ಹಾಗೇ ಆಯ್ತಲ್ಲ ಅನ್ನಬಹುದು. ನನಗೂ ಆ ಅನುಮಾನ ಇತ್ತು. ಆದರೆ ಅವನು ಪಾಸ್‌ಪೋರ್ಟಿನ ಕಥೆಯನ್ನು ಐದು ನಿಮಿಷದಲ್ಲಿ ಮುಗಿಸಿದ. ಉಳಿದ ಒಂದು ಗಂಟೆ ಹೇಳಿದ್ದು ತಲೆ ಒಡೆಯುವ ಮೊದಲಿನ ಅರ್ಧ ಗಂಟೆಯ ಬಗ್ಗೆ. ಯಾರು ಕಿವಿಯಲ್ಲಿ ಏನು ಅಂದರು, ದೊಣ್ಣೆ ಕೈಗೆ ಕೊಟ್ಟವ ಯಾರು, ಪೊಲೀಸರು ಬಂದಾಗ ಅವನು ಎಲ್ಲಿದ್ದ. "ನಂಗೆ ಆವಾಗ ವಾಪಸ್ ಬರಬೇಕು ಅನ್ನಿಸಿತ್ತು. ಯಾರಾದ್ರೂ ಕರೀತಾರಾ ಅಂತ ಹಿಂದೆ ತಿರುಗಿ ನೋಡಿದ್ದೆ. ಎಲ್ಲರೂ ನೋಡ್ತಾ ಇದ್ರು. ಕರೀಲಿಲ್ಲ." ಕೆನ್ನೆಗೆ ಹೊಡೆಸಿಕೊಂಡಿದ್ದ ಹುಡುಗ ಅಂದು ಪೂರ್ತಿ ತಲೆ ಎತ್ತಲಿಲ್ಲ. ಬಲೆಯ ಒಂದು ಕಣ್ಣನ್ನೇ ಬೆರಳಲ್ಲಿ ಅಗಲಿಸುತ್ತಾ ಕೂತಿದ್ದ.

ನಾನು ಕಾನೂನು ಹೇಳಲು ಹೋದ ಸಂಜೆ ಮಾತ್ರ ನಗೆಪಾಟಲಾಯಿತು. ಐದು ಅಥವಾ ಅದಕ್ಕಿಂತ ಹೆಚ್ಚು ಜನ ಹೊಡೆಯುವ ಉದ್ದೇಶದಿಂದ ಕೂಡಿದರೆ ಅದು ಅಕ್ರಮ ಕೂಟ, ಅದರಲ್ಲಿ ಒಬ್ಬ ಹೊಡೆದರೂ ಎಲ್ಲರೂ ಹೊಣೆ, ನ್ಯಾಯ ಸಂಹಿತೆಯ 190ನೇ ಕಲಮು ಅಂತ ವಿವರಿಸಿದೆ. 'ಸುಮ್ನೆ ನಿಂತಿದ್ದೆ' ಅನ್ನುವ ಮಾತು ಅಷ್ಟು ಸುಲಭಕ್ಕೆ ನಡೆಯುವುದಿಲ್ಲ ಅಂದೆ. ಹಿಂದಿನಿಂದ ಒಬ್ಬ, "ಹಂಗಾದ್ರೆ ನಾಲ್ಕೇ ಜನ ಹೋದ್ರಾಯ್ತಲ್ಲ ಸರ್?" ಆಗ 3(5) ಇದೆ ತಮಾ, ಒಂದೇ ಉದ್ದೇಶ ಇದ್ದರೆ ಇಬ್ಬರಾದರೂ ಅಷ್ಟೇ ಅಂದೆ. "ಒಬ್ನೇ ಹೋದ್ರೆ?" ಅಂತ ಇನ್ನೊಬ್ಬ. ಒಬ್ಬನೇ ಹೋದರೆ ಅವರು ನಾಲ್ಕು ಜನ ಸೇರಿ ನಿನ್ನನ್ನು ಹೊಡೆಯುತ್ತಾರೆ ಅಂತ ಅಕ್ಕೋರು ಅಂದರು. ಅದು ನನ್ನ ಅಷ್ಟೂ ಕಲಮಿಗಿಂತ ಚೆನ್ನಾಗಿ ತಲುಪಿತು.

ತಾಳಮದ್ದಳೆಯ ಹುಚ್ಚು ಇರುವ ಊರು ನಮ್ಮದು. ಕೃಷ್ಣ ಸಂಧಾನಕ್ಕೆ ಹಸ್ತಿನಾವತಿಗೆ ಹೋದ ಭಾಗವನ್ನು ಹುಡುಗರಿಂದಲೇ ಅರ್ಥ ಹೇಳಿಸಿದೆವು. ಷರತ್ತು ಒಂದೇ. ಯಾವ ಪಕ್ಷದ ಮಾತು ನಿನಗೆ ಸರಿ ಅನ್ನಿಸುತ್ತದೋ ಅದರ ಎದುರಿನ ಪಾತ್ರ ನಿನ್ನದು. ಎದುರಾಳಿಗೆ ಅವಮಾನ ಆಗಿದ್ದು ಎಲ್ಲಿ ಅಂತ ನೀನೇ ಬಾಯಿಬಿಟ್ಟು ಹೇಳಬೇಕು. ಕೌರವನ ಪಾತ್ರ ಸಿಕ್ಕ ಧಕ್ಕೆ ಕೇರಿಯ ಹುಡುಗ, "ತುಂಬಿದ ಅರಮನೆಯಲ್ಲಿ ನಾನು ನೀರಿಗೆ ಬಿದ್ದಾಗ ಎಲ್ಲರೂ ನಕ್ಕರಲ್ಲ, ಆಗ ನಿನ್ನ ಧರ್ಮ ಎಲ್ಲಿತ್ತು?" ಅಂದ. ಶೆಡ್ಡು ಒಮ್ಮೆ ತಣ್ಣಗಾಯಿತು. ಅದು ಸ್ಟೇಟಸ್ಸಿನ ಮಾತು ಅಂತ ಎಲ್ಲರಿಗೂ ಗೊತ್ತಾಗಿತ್ತು. ಆಮೇಲೆ ಒಬ್ಬ ಕೇಳಿದ, "ಆದ್ರೆ ಸರ್, ಕೊನೆಗೂ ಯುದ್ಧ ಆಯ್ತಲ್ಲ?" ನನ್ನ ಹತ್ತಿರ ಉತ್ತರ ಇರಲಿಲ್ಲ.

1930ರಲ್ಲಿ ಪಕ್ಕದ ಅಂಕೋಲೆಯ ಕಡಲ ದಂಡೆಯಲ್ಲಿ ಉಪ್ಪಿನ ಸತ್ಯಾಗ್ರಹ ಮಾಡಿದವರ ಕಥೆಯನ್ನೂ ಹೇಳಿ ನೋಡಿದೆ. ಪೊಲೀಸರ ಎದುರು ಕೈ ಎತ್ತದೆ ನಿಂತವರು ಹೇಡಿಗಳಾ ಅಂತ ಕೇಳಿದೆ. "ಅದು ಬ್ರಿಟಿಷರ ಕಾಲ ಸರ್" ಅಂದರು. ಮಳೆ ಜೋರಾಯಿತು, ಎದ್ದೆವು.

ಬಸ್ಸು ತಪ್ಪಿದವರು

ಐದು ವಾರ ಕಳೆದರೂ ನಾನು ಹುಡುಗಿಯರನ್ನು ಕರೆದಿರಲಿಲ್ಲ. ಹೊಡೆದಾಟ ಅಂದರೆ ಹುಡುಗರ ವಿಷಯ ಅಂದುಕೊಂಡಿದ್ದೆ. ಅಕ್ಕೋರು ಒಂದು ದಿನ ಹೇಳದೆ ಕೇಳದೆ ಎಂಟು ಹುಡುಗಿಯರನ್ನು ಕರೆದುಕೊಂಡು ಬಂದರು.

ಅವರಿಗೆ ಎಲ್ಲ ಗೊತ್ತಿತ್ತು. ಸ್ಟೇಟಸ್ ಹಾಕಿದ ಐದು ನಿಮಿಷಕ್ಕೆ ನೋಡಿದ್ದರು. ಸಂಕದ ಹತ್ತಿರ ಕಾಯುತ್ತಾರೆ ಅಂತ ಹಿಂದಿನ ರಾತ್ರಿಯೇ ಒಬ್ಬಳಿಗೆ ಗೊತ್ತಿತ್ತು. "ಯಾರಿಗೆ ಹೇಳ್ಬೇಕಿತ್ತು ಸರ್? ಅಪ್ಪಂಗೆ ಹೇಳಿದ್ರೆ ನಿಂಗೆ ಹೆಂಗೆ ಗೊತ್ತು ಅಂತ ನನ್ನ ಫೋನು ತಗೋತಿದ್ರು. ಪೊಲೀಸ್ರಿಗೆ ಹೇಳಿದ್ರೆ ಅಣ್ಣ ಒಳಗೆ ಹೋಗ್ತಿದ್ದ. ನಿಮಗೆ ಹೇಳಿದ್ರೆ ನೀವು ಪ್ರಾರ್ಥನೆಗೆ ನಿಲ್ಲಿಸಿ ಭಾಷಣ ಮಾಡ್ತಿದ್ರಿ."

ಕೈ ಮುರಿದ ಮೇಲೆ ಎರಡೂ ಕೇರಿಯ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ 'ಕೆಲವು ದಿನ ಕಾಲೇಜಿಗೆ ಹೋಗಬೇಡ' ಅಂದಿದ್ದರಂತೆ. ನನ್ನ ಹಾಜರಿ ಪುಸ್ತಕದಲ್ಲಿ ಅದು ಇತ್ತು. ನಾನು ಓದಿರಲಿಲ್ಲ. ದ್ವಿತೀಯ ಪಿಯುಸಿಯವಳು ಹುಡುಗರ ಕಡೆ ತಿರುಗಿ ಅಂದಳು, "ಹೊಡೆದಾಡಿದ್ದು ನೀವು. ಬಸ್ಸು ತಪ್ಪಿದ್ದು ನಮಗೆ."

ಅಂದು ಆದ ತೀರ್ಮಾನವೇ ಮುಂದೆ ಕೆಲಸಕ್ಕೆ ಬಂದದ್ದು. ಎಲ್ಲಾದರೂ ಗಾಳಿ ಸುದ್ದಿ ಬಂದರೆ ತಾಂಡೇಲನಿಗೋ ಅಕ್ಕೋರಿಗೋ ಒಂದು ಮಿಸ್ಡ್ ಕಾಲ್. ಯಾರು ಹೇಳಿದ್ದು ಅಂತ ಅವರು ಯಾರಿಗೂ ಹೇಳುವುದಿಲ್ಲ. ನನಗೂ ಇಲ್ಲ. ಚಾಕು, ಕತ್ತಿ ಕಂಡರೆ ಅದು ನಮ್ಮ ಕೈ ಮೀರಿದ್ದು, ನೇರ 112. ಮಕ್ಕಳಿಗೆ ಸಂಬಂಧಿಸಿದ್ದಾದರೆ ಮಕ್ಕಳ ಸಹಾಯವಾಣಿ 1098. ಗ್ರೂಪಿನಲ್ಲಿ ಯಾರದ್ದಾದರೂ ಅವಮಾನದ ವಿಡಿಯೋ ಬಂದರೆ ಅಡ್ಮಿನ್ ಅಳಿಸಬೇಕು, ಅಳಿಸದ ಅಡ್ಮಿನ್ನಿಗೆ ಮುಂದಿನ ಪಂದ್ಯಾವಳಿಯಲ್ಲಿ ಆಟ ಇಲ್ಲ. ಕೊನೆಯದನ್ನು ಸೇರಿಸಿದವರು ಹುಡುಗರೇ. ಜೈಲಿಗಿಂತ ಅದು ದೊಡ್ಡ ಶಿಕ್ಷೆ ಅಂತ ನನಗೆ ಹೊಳೆದಿರಲಿಲ್ಲ.

ಚೌತಿಯ ರಾತ್ರಿ

ಗಣಪತಿ ಮುಳುಗಿಸುವ ದಿನ ಎರಡೂ ಕೇರಿಯ ಮೆರವಣಿಗೆ ಮೀನು ಮಾರ್ಕೆಟ್ಟಿನ ತಿರುವಿನಲ್ಲಿ ಎದುರುಬದುರಾಗುತ್ತದೆ. ಎಂಟೂವರೆಗೆ ಅಕ್ಕೋರಿಗೆ ಮಿಸ್ಡ್ ಕಾಲ್. ಒಂದು ಗುಂಪು ಕುಡಿದಿದೆ, ತಿರುವಿನಲ್ಲಿ ಪಟಾಕಿ ಎಸೆಯುತ್ತಾರಂತೆ. ಅವರು ಆ ಗುಂಪಿನ ಇಬ್ಬರನ್ನು ಹೆಸರು ಹಿಡಿದು ಕರೆದು ಆರತಿ ತಟ್ಟೆ ಕೈಗೆ ಕೊಟ್ಟು ಗಣಪತಿಯ ಪಕ್ಕ ನಡೆಸಿದರು. ಆರತಿ ತಟ್ಟೆ ಹಿಡಿದವ ಪಟಾಕಿ ಹೇಗೆ ಎಸೆಯುತ್ತಾನೆ?

ಆದರೂ ಪಟಾಕಿ ಬಿತ್ತು. ಬೇರೆ ಯಾರೋ ಎಸೆದರು. ನೂಕಾಟ ಆಯಿತು, ಒಬ್ಬನ ಅಂಗಿ ಹರಿಯಿತು. ಸುತ್ತ ವರ್ತುಲ ಕಟ್ಟಿತು, ಫೋನುಗಳು ಮೇಲೆದ್ದವು. ಆಗ ಬಲೆ ಶೆಡ್ಡಿನ ಹುಡುಗರಲ್ಲಿ ನಾಲ್ಕೈದು ಜನ ಹೊಡೆದಾಡುವವರನ್ನು ಬಿಡಿಸಲು ಹೋಗಲಿಲ್ಲ. ಫೋನು ಹಿಡಿದವರ ಮುಂದೆ ಹೋಗಿ ಬೆನ್ನು ಕೊಟ್ಟು ನಿಂತರು. ಇದನ್ನು ನಾವು ಕಲಿಸಿರಲಿಲ್ಲ. ತಾಂಡೇಲ ಬ್ಯಾಂಡಿನವರಿಗೆ ಸನ್ನೆ ಮಾಡಿದ, ಬ್ಯಾಂಡು ಜೋರಾಯಿತು. ನೋಡುವವರು ಕರಗಿದರು. ನೋಡುವವರಿಲ್ಲದ ಜಗಳಕ್ಕೆ ಉಸಿರು ಕಡಿಮೆ. ಹತ್ತು ನಿಮಿಷದಲ್ಲಿ ಮೆರವಣಿಗೆ ಮುಂದೆ ಹೋಯಿತು.

ಅಂಗಿ ಹರಿದುಕೊಂಡವ ಜನವರಿಯಲ್ಲಿ ಕೈ ಮುರಿಸಿಕೊಂಡ ಹುಡುಗನೇ. ಮರುದಿನ ಬೆಳಿಗ್ಗೆ ಅವನ ಮನೆಗೆ ತಾಂಡೇಲ ಹೋಗಿ ಸಂಜೆಯವರೆಗೆ ಕೂತಿದ್ದ. ಬಲೆ ಹೆಣೆಯುವ ನೆಪ.

ಲೆಕ್ಕಕ್ಕೆ ಸಿಕ್ಕದ್ದು, ಸಿಗದ್ದು

ಒಂದು ವರ್ಷದಲ್ಲಿ ಮತ್ತೆ ಮೂಳೆ ಮುರಿಯಲಿಲ್ಲ. ಅದು ನಮ್ಮಿಂದಲೇ ಅಂತ ಎದೆ ತಟ್ಟಿ ಹೇಳಲಾರೆ. ಆಗಸ್ಟ್ 1ರಿಂದ ಬೋಟುಗಳು ಕಡಲಿಗಿಳಿದವು. ಅರ್ಧ ಹುಡುಗರು ನೀರಿನ ಮೇಲೇ ಇದ್ದರು. ಇಬ್ಬರು ಗೋವಾಕ್ಕೆ ಕೆಲಸಕ್ಕೆ ಹೋದರು. ಊರು ತಣ್ಣಗಾಗಲು ಅದೂ ಕಾರಣ ಇರಬಹುದು.

ಒಬ್ಬ ಹುಡುಗ ಮೊದಲ ವಾರದ ನಂತರ ಶೆಡ್ಡಿಗೆ ಬರಲೇ ಇಲ್ಲ. ಕತ್ತೆಯ ಸದ್ದು ಸೇರಿಸಿ ವಿಡಿಯೋ ಮಾಡಿದ್ದು ಅವನೇ. ಅವನು ಯಾರಿಗೂ ಹೊಡೆದಿರಲಿಲ್ಲ, ಕೇಸಿನಲ್ಲಿ ಹೆಸರಿಲ್ಲ, ಹಾಗಾಗಿ ನಾವೂ ಅವನ ಬೆನ್ನು ಹತ್ತಲಿಲ್ಲ. ಅವನು ಕಾಲೇಜು ಬಿಟ್ಟ. ಈಗ ಬೇರೆ ಊರಿನ ಯಾವುದೋ ಗುಂಪಿನ ಜೊತೆ ಓಡಾಡುತ್ತಾನೆ ಅಂತ ಸುದ್ದಿ. ಅವನ ಮನೆಗೆ ನಾನು ಹೋಗಿದ್ದು ಒಂದೇ ಸಲ, ಅದೂ ತಡವಾಗಿ. ಅವನ ಆಯಿ ಚಾ ಕೊಟ್ಟು, "ಈಗ ಬಂದ್ರಾ ಮಾಸ್ತರ್ರೇ" ಅಂದರು.

19ರ ಹುಡುಗನ ಕೇಸು ನಡೆಯುತ್ತಲೇ ಇದೆ. ಪ್ರತಿ ತಾರೀಕಿಗೆ ಒಂದು ದಿನದ ಕೂಲಿ ಹೋಗುತ್ತದೆ. ಸ್ಟಂಪಿನಿಂದ ಹೊಡೆದು ಮಂಡಳಿಯ ಮುಂದೆ ಹೋದವನು ಪಿಯುಸಿ ಪಾಸಾದ.

ಈ ಜನವರಿಯಲ್ಲಿ ಮತ್ತೆ ಪಂದ್ಯಾವಳಿ ಆಯಿತು. ಅಂಪೈರನ್ನು ಹೊನ್ನಾವರದಿಂದ ಕರೆಸಿದರು. ಕ್ರೀಸಿಗೆ ಸುಣ್ಣದ ಬದಲು ಹಳೆ ಬಲೆಯ ಹಗ್ಗ ಹೂತು ಮೊಳೆ ಹೊಡೆದಿದ್ದರು. ಹಗ್ಗ ಕೊಟ್ಟದ್ದು ಧಕ್ಕೆ ಕೇರಿ, ಮೊಳೆ ಗದ್ದೆ ಕೇರಿಯದ್ದು. ರಾತ್ರಿ ಒಂದೂವರೆಗೆ ಒಂದು ರನೌಟ್ ಆಯಿತು. ಔಟಾದವನು ಅದೇ ಹುಡುಗ, ಹೋದ ವರ್ಷ ಕೆನ್ನೆಗೆ ತಿಂದವ. ಹಗ್ಗದ ಹತ್ತಿರ ಬಗ್ಗಿ ನೋಡಿದ. ಅಂಪೈರನ ಮುಖ ನೋಡಿದ. ಆಮೇಲೆ ಬ್ಯಾಟನ್ನು ಎತ್ತಿ ನೆಲಕ್ಕೆ ಬಡಿದ. ಹಿಡಿ ಎರಡು ತುಂಡಾಯಿತು. ಬ್ಯಾಟು ಸಂಘದ್ದು. ದುಡ್ಡು ಅವನೇ ಕೊಡಬೇಕು ಅಂತ ಅಲ್ಲೇ ತೀರ್ಮಾನ ಆಯಿತು. ಇನ್ನೂ ಕೊಟ್ಟಿಲ್ಲ.